ರ‍್ಯಾಂಕಿಗೆ ಬಂತು, ತಗೊಂಡೆ

ಅಕ್ಕನ ಮಗಳು ಅಮೆರಿಕದ ಒಹಾಯೋದಲ್ಲಿ ಹುಟ್ಟಿ ಬೆಳೆದವಳು. ಅಲ್ಲೇ ಮೆಡಿಕಲ್ ಓದಿ ಈಗ ಕೊನೆಯ ವರ್ಷದಲ್ಲಿದ್ದಾಳೆ. ಹೋದ ಸೆಪ್ಟೆಂಬರಿನಲ್ಲಿ ಆರ್ಥೋಪೆಡಿಕ್ಸ್ (ಮೂಳೆ-ಕೀಲಿನ ಚಿಕಿತ್ಸೆ) ರೆಸಿಡೆನ್ಸಿಗೆ, ಅಂದರೆ ನಮ್ಮ ಪಿಜಿಯಂಥ ತರಬೇತಿಗೆ, ಅರ್ಜಿ ಹಾಕುವ ಮುಂಚೆ ತನ್ನ ಪರ್ಸನಲ್ ಸ್ಟೇಟ್‌ಮೆಂಟನ್ನು ಅದೇ ಆರ್ಥೋ ಡಾಕ್ಟರಾದ ನನಗೆ ಕಳಿಸಿದಳು. ಹೆಚ್ಚು ಕಡಿಮೆ ಒಂದು ಪುಟ. ತನಗೆ ಆರ್ಥೋನೇ ಯಾಕೆ ಬೇಕು ಅಂತ ಬರೆದಿದ್ದಳು. ಹೈಸ್ಕೂಲಿನಲ್ಲಿ ಸಾಕರ್ ಆಡುವಾಗ ಮಂಡಿಯ ಲಿಗಮೆಂಟ್ ಹರಿದದ್ದು, ಆಪರೇಷನ್ ಆದಮೇಲೆ ಮತ್ತೆ ಮೈದಾನಕ್ಕೆ ಇಳಿದದ್ದು, ಅವತ್ತೇ ಮನಸ್ಸಿನಲ್ಲಿ ಇದು ಗಟ್ಟಿಯಾದದ್ದು. ಚೆನ್ನಾಗಿಯೇ ಬರೆದಿದ್ದಳು. ವಿಡಿಯೋ ಕಾಲ್‌ನಲ್ಲಿ ಒಂದೆರಡು ಮಾತು ಹೇಳಿದೆ. ಆಮೇಲೆ ಅವಳು ಸುಮ್ನೆ ಕುತೂಹಲಕ್ಕೆ ಅಂತ ಕೇಳಿದಳು: "ಮಾಮ, ನಿಮ್ದರಲ್ಲಿ ನೀವು ಏನು ಬರೆದಿದ್ರಿ?"

"ಏನೂ ಬರೀಲಿಲ್ಲ ಪುಟ್ಟಿ. ರ‍್ಯಾಂಕಿಗೆ ಬಂತು, ತಗೊಂಡೆ."

ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ. "ಹಾಗಾದ್ರೆ ನಿಮಗೆ ಇದು ಇಷ್ಟ ಅಂತ ಅವರಿಗೆ ಹೇಗೆ ಗೊತ್ತಾಯ್ತು?" ಅಂದಳು.

ಅವರು ಅಂದರೆ ಯಾರು? ನಮ್ಮಲ್ಲಿ ಆ ಜಾಗದಲ್ಲಿ ಯಾರೂ ಕೂತಿರುವುದಿಲ್ಲ. ಇದನ್ನ ಅವಳಿಗೆ ವಿವರಿಸುವುದಕ್ಕೆ ಹೋಗಿ ನಾನೇ ಸಿಕ್ಕಿಹಾಕಿಕೊಂಡೆ. ಆಗಿನಿಂದ ತಲೆಯಲ್ಲಿ ಕೊರೆಯುತ್ತಲೇ ಇದೆ.

ಪರದೆಯ ಮೇಲೆ ಕರಗುತ್ತಿದ್ದ ಸೀಟುಗಳು

ನಮ್ಮ ಕಾಲಕ್ಕೆ ನೀಟ್ ಇರಲಿಲ್ಲ. ರಾಜ್ಯದ ಪಿಜಿ ಎಂಟ್ರೆನ್ಸ್ ಬೇರೆ, ಅಖಿಲ ಭಾರತದ್ದು ಬೇರೆ. ಕೌನ್ಸೆಲಿಂಗ್‌ಗೆ ಖುದ್ದಾಗಿ ಬೆಂಗಳೂರಿಗೆ ಹೋಗಬೇಕಿತ್ತು. ಈಗಿನ ಮಕ್ಕಳು ಕೆಇಎ ವೆಬ್‌ಸೈಟಿನಲ್ಲಿ ರಾತ್ರಿ ಎರಡು ಗಂಟೆಗೆ ಆಪ್ಷನ್ ಎಂಟ್ರಿ ಮೇಲೆ ಕೆಳಗೆ ಮಾಡುತ್ತಾ ಕೂರುತ್ತಾರಲ್ಲ, ನಾವು ಆ ಸಂಕಟವನ್ನ ಸಾರ್ವಜನಿಕವಾಗಿ ಅನುಭವಿಸಿದವರು. ದೊಡ್ಡ ಹಾಲ್. ಮುಂದೆ ಒಂದು ಪರದೆ. ಅದರ ಮೇಲೆ ಯಾವ ಕಾಲೇಜಿನಲ್ಲಿ ಯಾವ ಬ್ರಾಂಚಿನ ಎಷ್ಟು ಸೀಟು ಉಳಿದಿದೆ ಅಂತ ಪಟ್ಟಿ. ರ‍್ಯಾಂಕ್ ಪ್ರಕಾರ ಹೆಸರು ಕರೆಯುತ್ತಾರೆ, ಹೋಗಿ ಹೇಳಬೇಕು, ಪಟ್ಟಿಯಲ್ಲಿ ಒಂದು ಅಂಕಿ ಕಮ್ಮಿಯಾಗುತ್ತದೆ. ಬೆಳಗ್ಗೆಯೇ ರೇಡಿಯಾಲಜಿ ಮುಗಿಯಿತು. ಮೆಡಿಸಿನ್ ಕಣ್ಣೆದುರಿಗೇ ಕರಗಿತು. ಸ್ಕಿನ್ ಹೋಯಿತು. ಸೀಟು ಹೋದಾಗಲೆಲ್ಲ ಹಾಲಿನಲ್ಲಿ ಎಲ್ಲೋ ಒಂದು ಕಡೆ 'ಅಯ್ಯೋ' ಅಂತ ಸಣ್ಣಗೆ ಕೇಳುತ್ತಿತ್ತು.

ಪಕ್ಕದಲ್ಲಿ ಅಪ್ಪ ಕೂತಿದ್ದರು. ಅವರ ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ನಮ್ಮ ಆಯ್ಕೆಗಳು. ಹೊಡೆದುಹಾಕುತ್ತಾ ಹೋಗಿ ಕೊನೆಗೆ ಉಳಿದದ್ದು ಎರಡು. ದೂರದ ಊರಿನ ಸರ್ಕಾರಿ ಕಾಲೇಜಿನ ಜನರಲ್ ಸರ್ಜರಿ, ಹತ್ತಿರದ ಸರ್ಕಾರಿ ಕಾಲೇಜಿನ ಆರ್ಥೋ. ಅಪ್ಪ ಸರ್ಜರಿ ಅಂದರು, 'ಸರ್ಜನ್' ಅಂದರೆ ಊರಲ್ಲಿ ಗೊತ್ತಾಗುತ್ತೆ ಅಂತ. ಹಿಂದಿನ ಸಾಲಿನಲ್ಲಿ ಯಾರದೋ ತಂದೆ ಇದ್ದರು, ಚಿತ್ರದುರ್ಗದ ಕಡೆಯವರು. ನಮ್ಮ ಮಾತು ಕೇಳಿಸಿಕೊಂಡು ಮುಂದಕ್ಕೆ ಬಗ್ಗಿ, "ಆರ್ಥೋ ತಗೊಳ್ಳಿ ಸಾರ್. ರೋಡು ಇರೋ ತನಕ ಮೂಳೆ ಮುರಿಯೋದು ನಿಲ್ಲಲ್ಲ" ಅಂದರು. ಅಷ್ಟರಲ್ಲಿ ನನ್ನ ಹೆಸರು ಕರೆದರು. ಎದ್ದು ಹೋಗಿ ಆರ್ಥೋ ಅಂದೆ. ಅಲ್ಲಿದ್ದವರು ಕೇಳಿದ್ದು ಒಂದೇ ಪ್ರಶ್ನೆ: "ಒರಿಜಿನಲ್ಸ್ ತಂದಿದ್ದೀರಾ?"

ಇದನ್ನ ಪರ್ಸನಲ್ ಸ್ಟೇಟ್‌ಮೆಂಟ್ ಮಾಡಿ ಬರೆದರೆ ಹೇಗಿರುತ್ತೆ ಅಂತ ಎಷ್ಟೋ ಸಲ ಅನ್ನಿಸಿದೆ. 'ಚಿತ್ರದುರ್ಗದ ಒಬ್ಬ ಹಿರಿಯರು ರಸ್ತೆಗಳ ಬಗ್ಗೆ ಆಡಿದ ಮಾತಿನಿಂದ ಸ್ಫೂರ್ತಿಗೊಂಡು...'

ನೋಡಿ ಆರಿಸುವವರು

ಅಮೆರಿಕದ ಕಥೆ ಪೂರ್ತಿ ಉಲ್ಟಾ. ಅಲ್ಲಿ ಆರ್ಥೋ ರೆಸಿಡೆನ್ಸಿ ಐದು ವರ್ಷ. ಇಡೀ ದೇಶಕ್ಕೆ ವರ್ಷಕ್ಕೆ 900ರ ಆಸುಪಾಸು ಸೀಟು. ಅಲ್ಲಿಯದೇ ಕಾಲೇಜುಗಳಲ್ಲಿ ಓದಿದವರಲ್ಲೂ ಸಾಕಷ್ಟು ಜನ ಸಿಗದೆ ಉಳಿಯುತ್ತಾರೆ. (ನಮ್ಮ ಇಂಟರ್ನ್‌ಗಳು ಆಗಾಗ ಕೇಳುತ್ತಾರೆ, "ಸಾರ್, ಯುಎಸ್‌ಎಂಎಲ್‌ಇ ಬರೆದು ಅಲ್ಲಿ ಆರ್ಥೋ ಮಾಡಬಹುದಾ?" ಅಂತ. ಅದು ಅಲ್ಲಿಯ ಡಾಕ್ಟರ್ ಲೈಸೆನ್ಸ್ ಪರೀಕ್ಷೆ. ಮೆಡಿಸಿನ್, ಪೀಡಿಯಾಟ್ರಿಕ್ಸ್, ಪೆಥಾಲಜಿ ಮಾಡಿರುವ ಕನ್ನಡದವರು ಬೇಕಾದಷ್ಟು ಜನ ಸಿಗುತ್ತಾರೆ. ಹೊರಗಿನಿಂದ ಹೋಗಿ ಆರ್ಥೋ ಹಿಡಿದವರು ತೀರಾ ಅಪರೂಪ. ಸುಳ್ಳು ಆಸೆ ಹುಟ್ಟಿಸಬಾರದು ಅಲ್ವಾ.)

ಮುಂಚೆ ಅಲ್ಲಿಯೂ ಒಂದು ನಂಬರ್ ಇತ್ತು. ಯುಎಸ್‌ಎಂಎಲ್‌ಇಯ ಮೊದಲ ಹಂತವಾದ ಸ್ಟೆಪ್ 1 ಪರೀಕ್ಷೆಯ ಅಂಕ ನೋಡಿಯೇ ಅರ್ಧ ಅರ್ಜಿಗಳನ್ನ ಪಕ್ಕಕ್ಕೆ ಇಡುತ್ತಿದ್ದರು ಅಂತ ಅಲ್ಲಿಯವರೇ ಗೊಣಗುತ್ತಿದ್ದರು. 2022ರ ಜನವರಿಯಿಂದ ಆ ಪರೀಕ್ಷೆಗೆ ಬರೀ ಪಾಸು-ಫೇಲು. ಅಂಕ ಹೋಯಿತು, ಸರಿ. ಆದರೆ ಆರಿಸುವವರಿಗೆ ಏನಾದರೂ ಬೇಕಲ್ಲ. ಸ್ಟೆಪ್ 2ರ ಅಂಕದ ತೂಕ ಜಾಸ್ತಿಯಾಯಿತು. ರಿಸರ್ಚ್ ಪೇಪರುಗಳ ತೂಕ ಜಾಸ್ತಿಯಾಯಿತು. ಶಿಫಾರಸು ಪತ್ರ ಬರೆದವರು ಯಾರು ಅನ್ನುವುದರ ತೂಕವೂ. ಅದೇ ವರ್ಷ ಶುರುವಾದ ಅರ್ಜಿ ಸುತ್ತಿನಿಂದ 'ಸಿಗ್ನಲ್' ಅಂತ ಒಂದು ಬಂದಿದೆ. ಆರ್ಥೋಗೆ ಒಬ್ಬೊಬ್ಬರಿಗೆ 30 ಸಿಗ್ನಲ್. ನನಗೆ ನಿಜವಾಗಲೂ ನಿಮ್ಮ ಪ್ರೋಗ್ರಾಂ ಬೇಕು ಅಂತ 30 ಕಡೆ ಹೇಳಿಕೊಳ್ಳಬಹುದು. ಸಿಗ್ನಲ್ ಕಳಿಸದ ಕಡೆ ಇಂಟರ್ವ್ಯೂ ಕರೆ ಬರುವುದು ಕಷ್ಟ ಅಂತ ಹುಡುಗರೇ ಹೇಳುತ್ತಾರೆ. ನಮ್ಮವಳು ಆ 30ರ ಪಟ್ಟಿ ಮಾಡಲು ಇಡೀ ಬೇಸಿಗೆ ಎಕ್ಸೆಲ್ ಶೀಟ್ ಇಟ್ಟುಕೊಂಡು ಕೂತಿದ್ದಳು. ಅಕ್ಕ ಫೋನಿನಲ್ಲಿ, "ಮದುವೆಗೆ ಹುಡುಗನ್ನ ನೋಡೋಕೂ ಇಷ್ಟು ಜಾತಕ ಯಾರೂ ಕೂಡಿಸಲ್ಲ ಕಣೋ" ಅಂದಳು.

ಎಲ್ಲಕ್ಕಿಂತ ಮುಖ್ಯವಾದದ್ದು 'ಅವೇ ರೊಟೇಷನ್' (away rotation). ಬೇರೆ ಊರಿನ ಆಸ್ಪತ್ರೆಗೆ ಹೋಗಿ ಸಾಮಾನ್ಯವಾಗಿ ನಾಲ್ಕು ವಾರ ಅಲ್ಲಿಯ ಯೂನಿಟ್ಟಿನ ಜೊತೆ ಕೆಲಸ ಮಾಡಬೇಕು. ಹೆಸರಿಗೆ ಕಲಿಯುವುದು, ನಿಜದಲ್ಲಿ ತಿಂಗಳು ಪೂರ್ತಿ ನಡೆಯುವ ಇಂಟರ್ವ್ಯೂ. ಬೆಳಗ್ಗೆ ಐದಕ್ಕೆ ಎಲ್ಲರಿಗಿಂತ ಮೊದಲು ಬರಬೇಕು, ಕೇಳಿದ್ದಕ್ಕೆ ಉತ್ತರ ಗೊತ್ತಿರಬೇಕು, ಆದರೆ ಜಾಸ್ತಿ ಗೊತ್ತಿರುವವರ ಹಾಗೆ ಕಾಣಬಾರದು. ರೆಸಿಡೆಂಟ್‌ಗಳಿಗೆ ಇಷ್ಟ ಆಗಬೇಕು. ರಾತ್ರಿ ಮೂರಕ್ಕೆ ಇವರ ಜೊತೆ ಕೆಲಸ ಮಾಡಬಹುದಾ ಅನ್ನುವುದೇ ಅಲ್ಲಿ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆಯಂತೆ. ನಿಜ ಹೇಳಬೇಕೆಂದರೆ ಈ ಪ್ರಶ್ನೆ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಡಿಪಾರ್ಟ್‌ಮೆಂಟಿಗೆ ಮೂರು ವರ್ಷಕ್ಕೆ ಬರುವವರ ಮುಖವನ್ನ ಅವರು ಅಡ್ಮಿಷನ್ ಆರ್ಡರ್ ಹಿಡಿದು ನಿಂತ ದಿನವೇ ನಾವು ಮೊದಲ ಸಲ ನೋಡುವುದು.

ಆದರೆ ನೋಡಿ ಆರಿಸುವುದಕ್ಕೂ ಒಂದು ಬೆಲೆ ಇದೆ. ಅವೇ ರೊಟೇಷನ್‌ಗೆ ವಿಮಾನ, ತಿಂಗಳ ಬಾಡಿಗೆ, ಓಡಾಟ ಎಲ್ಲ ಕೈಯಿಂದಲೇ. ಅರ್ಜಿ ಹಾಕುವುದಕ್ಕೆ ಬೇರೆ. 2025ರ ಸಾಲಿನಲ್ಲಿ ಮೊದಲ 30 ಪ್ರೋಗ್ರಾಂಗಳಿಗೆ ತಲಾ 11 ಡಾಲರ್, ಅದರ ಮೇಲೆ ಒಂದೊಂದಕ್ಕೂ 30 ಡಾಲರ್ ಇತ್ತು. ಭಾವ ಸಾಫ್ಟ್‌ವೇರಿನಲ್ಲಿದ್ದಾರೆ, ನಮ್ಮವಳಿಗೆ ನಡೆಯಿತು. ಅವಳ ಜೊತೆ ಓದಿದ ಹುಡುಗಿಯೊಬ್ಬಳು ಸಾಲ ಮಾಡಿ ಓದುತ್ತಿದ್ದವಳು, ಬೇರೆ ಊರಿಗೆ ಹೋಗಲಾಗದೆ ಬೇರೆ ಬ್ರಾಂಚ್ ನೋಡಿಕೊಂಡಳಂತೆ. ಇನ್ನು ಲೆಟರ್. ಮನೆಯಲ್ಲಿ ಡಾಕ್ಟರು ಇದ್ದವರಿಗೆ ಯಾರ ಹತ್ತಿರ ಲೆಟರ್ ತಗೋಬೇಕು ಅಂತ ಮೊದಲ ವರ್ಷವೇ ಗೊತ್ತಿರುತ್ತದೆ. ಇಲ್ಲದವರಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ತಮ್ಮಂಥವರನ್ನೇ ಇಷ್ಟಪಡುವುದು ಎಲ್ಲರ ಸ್ವಭಾವ. ಅಮೆರಿಕದಲ್ಲಿ ಆರ್ಥೋ ಬೋರ್ಡಿನ ಸರ್ಟಿಫಿಕೇಟ್ ಪಡೆದ ಮೊದಲ ಹೆಂಗಸು ರೂತ್ ಜಾಕ್ಸನ್, 1937ರಲ್ಲಿ. ಅಲ್ಲಿಂದ ಇಷ್ಟು ವರ್ಷವಾದರೂ ಆ ದೇಶದಲ್ಲಿ ಪ್ರಾಕ್ಟೀಸ್ ಮಾಡುವ ಆರ್ಥೋ ಸರ್ಜನ್‌ಗಳಲ್ಲಿ ಹೆಂಗಸರು ಹತ್ತರಲ್ಲಿ ಒಬ್ಬರೂ ಇಲ್ಲ. ಮುಖ ನೋಡಿ ಆರಿಸುವ ಪದ್ಧತಿ ಇಷ್ಟು ವರ್ಷ ಯಾವ ಮುಖಗಳನ್ನ ನೋಡುತ್ತಿತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ.

(ನಮ್ಮಲ್ಲೂ ಹೆಂಗಸರು ಕಮ್ಮಿಯೇ. ಆದರೆ ನಮ್ಮಲ್ಲಿ ತಡೆಯುವುದು ಬಾಗಿಲಲ್ಲ, ಬಾಗಿಲ ಮುಂಚಿನ ಮಾತು. 'ಹುಡುಗೀರಿಗೆ ಯಾಕಮ್ಮ ಸುತ್ತಿಗೆ ಕೆಲಸ, ಗೈನಕ್ ತಗೋ' ಅಂತ ಇಂಟರ್ನ್‌ಶಿಪ್ಪಿನಲ್ಲೇ ಹೇಳಿ ಮುಗಿಸಿರುತ್ತಾರೆ. ಜಾರಿದ ಸೊಂಟದ ಕೀಲನ್ನು ಕೂರಿಸಲು ಬೇಕಾದದ್ದು ತೋಳಿನ ಬಲಕ್ಕಿಂತ ಮೊದಲು ಸರಿಯಾದ ಅರಿವಳಿಕೆ, ಆಮೇಲೆ ಕಾಲು ಹಿಡಿಯುವ ಕೋನ. ಇದನ್ನ ಹೇಳಿ ಹೇಳಿ ನನಗೆ ಸಾಕಾಗಿದೆ.)

ಇನ್ನೂರು ಪ್ರಶ್ನೆ

ನಮ್ಮ ಕಡೆ ನೀಟ್ ಪಿಜಿ. 200 ಪ್ರಶ್ನೆ, 800 ಅಂಕ, ಮೂರೂವರೆ ಗಂಟೆ. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಅದರಲ್ಲಿ ಆರ್ಥೋ ಪ್ರಶ್ನೆಗಳು ಬೆರಳಲ್ಲಿ ಎಣಿಸುವಷ್ಟು. ಯಾರಿಗೆ ಆರ್ಥೋ ಸಿಗುತ್ತದೆ ಅನ್ನುವುದನ್ನ ತೀರ್ಮಾನ ಮಾಡುವುದು ಬಹುಪಾಲು ಫಾರ್ಮಕಾಲಜಿ, ಪಿಎಸ್ಎಂ (ಸಮುದಾಯ ಆರೋಗ್ಯ), ಮೈಕ್ರೋಬಯಾಲಜಿ. ಪರೀಕ್ಷೆಯ ದಿನವೂ ನಂಬಿಕೆಯದಲ್ಲ. 2024ರ ಜೂನ್ 23ಕ್ಕೆ ಇದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದಕ್ಕೆ ಹಾಕಿದರು. ಸೆಂಟರ್ ಇರುವ ಊರಿಗೆ ಹೋಗಿ ಲಾಡ್ಜ್ ಹಿಡಿದವರು ಮಲಗುವ ಹೊತ್ತಿಗೆ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡರು. 2023ರಲ್ಲಿ ಸೀಟು ಖಾಲಿ ಉಳಿಯುತ್ತವೆ ಅಂತ ಅರ್ಹತೆಯ ಗೆರೆಯನ್ನ ಸೊನ್ನೆ ಪರ್ಸೆಂಟೈಲಿಗೇ ಇಳಿಸಿದರು. ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು. ಆ ವರ್ಷ ಮೆರಿಟ್ ಬಗ್ಗೆ ಭಾಷಣ ಮಾಡುವವರು ಸ್ವಲ್ಪ ಮೆತ್ತಗಾಗಿದ್ದರು.

ಇಷ್ಟೆಲ್ಲ ಇದ್ದರೂ ಈ ಕುರುಡು ಪದ್ಧತಿಯನ್ನ ನಾನು ಪೂರ್ತಿ ಬಿಟ್ಟುಕೊಡಲಾರೆ. ನನ್ನ ಬ್ಯಾಚಿನ ಒಬ್ಬನ ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ಅವನಿಗೆ ಇಂಗ್ಲಿಷ್ ಮಾತಾಡಲು ತಡವರಿಕೆ, ದೊಡ್ಡವರ ಮುಂದೆ ಕೈಕಟ್ಟಿ ನಿಲ್ಲುವ ಅಭ್ಯಾಸ. ಇವತ್ತು ಬಳ್ಳಾರಿ ಕಡೆ ಬೆನ್ನುಮೂಳೆ ಆಪರೇಷನ್ ಮಾಡುತ್ತಾನೆ, ಬಹಳ ಒಳ್ಳೆಯ ಕೈ. ಅವನನ್ನ ಅವತ್ತು ಇಂಟರ್ವ್ಯೂಗೆ ಕೂರಿಸಿದ್ದರೆ, 'ನಿಮಗೆ ಆರ್ಥೋ ಯಾಕೆ?' ಅಂತ ಕೇಳಿದ್ದರೆ, ಮೂರು ನಿಮಿಷದಲ್ಲಿ ಹೊರಗೆ ಕಳಿಸುತ್ತಿದ್ದರು. ನಮ್ಮಲ್ಲಿ ಇಂಟರ್ವ್ಯೂ ಅಂತ ಇಟ್ಟರೆ ಏನೇನು ನಡೆಯುತ್ತದೆ ಅಂತ ನಾನು ಬರೆಯಬೇಕಿಲ್ಲ, ನಿಮಗೇ ಗೊತ್ತು. ಯಾರನ್ನೂ ನೋಡದ ಕಂಪ್ಯೂಟರಿಗೆ ಜಾತಿ, ಊರು, ಅಪ್ಪನ ಕೆಲಸ ಕೇಳಿ ಮುಖ ಸಿಂಡರಿಸಲು ಬರುವುದಿಲ್ಲ. ದುಡ್ಡಿದ್ದವರಿಗೆ ಮ್ಯಾನೇಜ್‌ಮೆಂಟ್ ಸೀಟು ಇದ್ದೇ ಇದೆ, ಆ ಮಾತು ಬೇರೆ.

ಹಾಗಾಗಿ ಪ್ರತಿ ವರ್ಷ ಹೊಸ ಪಿಜಿಗಳು ಬಂದಾಗ ನಾನು ಕೇಳುವ ಪ್ರಶ್ನೆಗೆ ಬರುವ ಉತ್ತರ ಒಂದೇ. "ಯಾಕಪ್ಪ ಆರ್ಥೋ?" "ರ‍್ಯಾಂಕಿಗೆ ಬಂತು ಸಾರ್." ಕೆಲವರು ಮರ್ಯಾದೆಗೆ 'ಪ್ಯಾಷನ್ ಸಾರ್' ಅನ್ನುತ್ತಾರೆ. ಅವರ ಮೇಲೆ ನನಗೆ ಸ್ವಲ್ಪ ಅನುಮಾನ.

ಕಟ್ಟು ಬಿಚ್ಚಿದ ರಾತ್ರಿ

ಒಬ್ಬ ಪಿಜಿ ಇದ್ದ. ರೇಡಿಯಾಲಜಿ ಬೇಕಿತ್ತು, ಕೈತಪ್ಪಿತ್ತು. ಇನ್ನೊಂದು ವರ್ಷ ಮನೆಯಲ್ಲಿ ಕೂತು ಓದಲು ಅಪ್ಪ ಒಪ್ಪಲಿಲ್ಲ. ಮೊದಲ ತಿಂಗಳೆಲ್ಲ ಮುಖ ಊದಿಸಿಕೊಂಡೇ ಇದ್ದ. ಕೆಲಸ ಹೇಳಿದರೆ ಮಾಡುತ್ತಿದ್ದ, ಹೇಳದಿದ್ದರೆ ಇಲ್ಲ. ದಂಡ ಕಟ್ಟಿಯಾದರೂ ಬಿಟ್ಟು ಹೋಗುತ್ತಾನೆ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಒಂದು ರಾತ್ರಿ ಕ್ಯಾಶುವಾಲ್ಟಿಗೆ ಏಳೆಂಟು ವರ್ಷದ ಹುಡುಗ ಬಂದ. ಬೆಳಗ್ಗೆ ಸೀಬೆ ಮರದಿಂದ ಬಿದ್ದು ಮೊಣಕೈ ಮೇಲೆ ಮುರಿದಿತ್ತು. ಊರಿನಲ್ಲಿ ನಾಟಿ ಕಟ್ಟು ಕಟ್ಟಿಸಿದ್ದರು. ಬಿದಿರಿನ ಸೀಳು, ಅದರ ಮೇಲೆ ಮೊಟ್ಟೆಯ ಬಿಳಿ ಹಚ್ಚಿದ ಬಟ್ಟೆ, ಬಿಗಿಯಾಗಿ ಸುತ್ತಿದ್ದರು. ಸಂಜೆಯಿಂದ ಹುಡುಗ ಒಂದೇ ಸಮ ಅಳುತ್ತಿದ್ದಾನೆ ಅಂತ ಕರೆತಂದಿದ್ದರು. ನಾನು ಮನೆಯಲ್ಲಿದ್ದೆ. ಫೋನಿನಲ್ಲಿ ಈ ಪಿಜಿ ಹೇಳಿದ್ದು ನನಗಿನ್ನೂ ನೆನಪಿದೆ: "ಸಾರ್, ಕಟ್ಟು ಚರ್ಮದ ತನಕ ಪೂರ್ತಿ ಕತ್ತರಿಸಿದೀನಿ. ಮೊಣಕೈ ಸ್ವಲ್ಪ ನೇರ ಮಾಡಿದೀನಿ. ನಾಡಿ ಸಿಗ್ತಿದೆ. ಆದ್ರೆ ಬೆರಳು ಬಿಡಿಸಿದ್ರೆ ಕಿರುಚ್ತಾನೆ ಸಾರ್. ನನಗೆ ಇದು ಸರಿ ಅನ್ನಿಸ್ತಿಲ್ಲ." ನಾಡಿ ಸಿಗುತ್ತಿದೆ ಅಂತ ನೆಮ್ಮದಿಯಾಗಿ ಬಿಡುವವರೇ ಜಾಸ್ತಿ. ಕೈಯ ಸ್ನಾಯುಗಳು ಉಸಿರುಗಟ್ಟುತ್ತಿರುವಾಗಲೂ ನಾಡಿ ಬಹಳ ಹೊತ್ತು ಸಿಗುತ್ತಿರುತ್ತದೆ. ಬೆರಳು ಬಿಡಿಸಿದಾಗ ಬರುವ ಆ ನೋವೇ ಮೊದಲ ಸುಳಿವು. ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ. ರಾತ್ರಿ ಹನ್ನೊಂದಕ್ಕೆ ಅಳುವ ಮಗುವಿನ ಬೆರಳನ್ನ ಮತ್ತೆ ಮತ್ತೆ ಬಿಡಿಸಿ ನೋಡುವವರು ಕಮ್ಮಿ.

ನಾನು ಹೋದಾಗ ಅವನು ಹುಡುಗನ ಅಜ್ಜಿಯ ಜೊತೆ ಬೆಂಚಿನ ಮೇಲೆ ಕೂತಿದ್ದ. ಕಟ್ಟು ಬಿಚ್ಚಿದ್ದಕ್ಕೆ ಅಜ್ಜಿಗೆ ಸಿಟ್ಟು, ಮೂಳೆ ಜರುಗಿಹೋಗುತ್ತೆ ಅಂತ. ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವ ಕೆಲಸ ಬೈಯುವುದು. 'ನಿಮ್ಮಂಥವರಿಂದಲೇ ಮಕ್ಕಳ ಕೈ ಹೋಗೋದು' ಅಂತ. ಇವನು ಬೈದಿರಲಿಲ್ಲ. "ಅಜ್ಜಿ, ಕಟ್ಟಿದ್ದು ತಪ್ಪು ಅಂತಲ್ಲ. ಬಿದ್ದಾಗ ಕೈ ಊದ್ತದೆ, ಕಟ್ಟು ಊದಲ್ಲ. ಅದಕ್ಕೆ ಒಳಗೆ ಜಾಗ ಸಾಲ್ತಿಲ್ಲ" ಅಂತ ಹೇಳಿ, ಅಜ್ಜಿಯ ಕೈಯಲ್ಲೇ ಮೊಮ್ಮಗನ ಗಟ್ಟಿಯಾದ ಮುಂಗೈ ಮುಟ್ಟಿಸಿ ತೋರಿಸಿದ್ದ. ಅಜ್ಜಿ ಸಹಿ ಹಾಕಲು ಹೆಬ್ಬೆಟ್ಟು ಮುಂದೆ ಮಾಡಿದರು. ಆ ರಾತ್ರಿಯೇ ಮೂಳೆ ಕೂರಿಸಿ ಕೆ-ವೈರ್ (ಮೂಳೆ ಹಿಡಿಯುವ ತೆಳು ತಂತಿ) ಹಾಕಿ, ಮುಂಗೈಯ ಫೇಸಿಯಾ, ಅಂದರೆ ಸ್ನಾಯುಗಳನ್ನ ಬಿಗಿದಿದ್ದ ಪೊರೆ, ಬಿಡಿಸಿದೆವು. ಒಳಗಿನ ಸ್ನಾಯು ಇನ್ನೂ ಜೀವಂತವಾಗಿತ್ತು. ಹುಡುಗನ ಕೈ ಉಳಿಯಿತು, ಉದ್ದದ ಗಾಯದ ಗುರುತೊಂದು ಬಿಟ್ಟರೆ.

ಆ ರಾತ್ರಿಯಿಂದ ಅವನಿಗೆ ಆರ್ಥೋ ಇಷ್ಟವಾಯಿತು ಅಂತ ಬರೆದರೆ ಕಥೆಗೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಮಾರನೆಯ ದಿನವೂ ಮುಖ ಊದಿಸಿಕೊಂಡೇ ಇದ್ದ. ಆದರೆ ಡ್ರೆಸ್ಸಿಂಗ್ ನರ್ಸಿಗೆ ಬಿಡದೆ ತಾನೇ ಮಾಡುತ್ತಿದ್ದ. ಇಷ್ಟ ಅನ್ನುವುದು ಅವನಿಗೆ ಯಾವಾಗ ಬಂತೋ ಗೊತ್ತಿಲ್ಲ, ಬಂತೋ ಇಲ್ಲವೋ ಅದೂ ಗೊತ್ತಿಲ್ಲ. ಥೀಸಿಸ್ ಮುಗಿಸಿ ಪಾಸಾಗಿ ಹೋದ. ಅವನ ಹತ್ತಿರ ನನ್ನ ತಾಯಿಯ ಸೊಂಟ ಮುರಿದರೂ ಕಳಿಸುತ್ತೇನೆ.

ಅದಕ್ಕೇ ನನಗೆ ಪರ್ಸನಲ್ ಸ್ಟೇಟ್‌ಮೆಂಟ್ ಅನ್ನುವುದರ ಬಗ್ಗೆ ಒಂದು ತಕರಾರಿದೆ. ಅದು ಒಂದು ತಿರುವು ಕೇಳುತ್ತದೆ. ಮಂಡಿ ಹರಿದ ದಿನ, ಅಪಘಾತ ನೋಡಿದ ದಿನ. ಕೆಲಸ ಇರುವುದು ತಿರುವುಗಳಲ್ಲಿ ಅಲ್ಲ. ಬೆಳಗ್ಗೆ ಒಪಿಡಿಯಲ್ಲಿ ಸಾಲಾಗಿ ಮಂಡಿ ನೋವು. ಪ್ಲಾಸ್ಟರ್ ಸ್ಲ್ಯಾಬ್ ಒದ್ದೆಯಾಗಿ ಬಂದವರು. ಫಿಸಿಯೋಥೆರಪಿ ಮಾಡಿದಿರಾ ಅಂದರೆ 'ಹೂಂ' ಅಂತ ಸುಳ್ಳು ಹೇಳುವವರು. ನಮ್ಮವಳು ಫೋನಿನಲ್ಲಿ ಮಾತಾಡುತ್ತಾ ಒಂದು ವಿಷಯ ಹೇಳಿದ್ದಳು. ಅವೇ ರೊಟೇಷನ್‌ನಲ್ಲಿ ಒಬ್ಬ ಮುದುಕರ ಸ್ಪ್ಲಿಂಟು ಹಿಮ್ಮಡಿಗೆ ಒತ್ತುತ್ತಿತ್ತಂತೆ. ಎಲ್ಲರೂ ಹೋದಮೇಲೆ ವಾಪಸ್ ಬಂದು ಅದನ್ನ ಬಿಚ್ಚಿ ಹತ್ತಿ ಇಟ್ಟು ಮತ್ತೆ ಕಟ್ಟಿದಳಂತೆ. "ಅದನ್ನ ಬರಿ ಪುಟ್ಟಿ" ಅಂದೆ. "ಅದೊಂದು ಸ್ಟೋರಿನಾ ಮಾಮ?" ಅಂದಳು. ಮಂಡಿಯನ್ನೇ ಇಟ್ಟಳು. ಅವಳ ಸಲಹೆಗಾರರೂ ಮಂಡಿಯೇ ಇರಲಿ ಅಂದರಂತೆ.

ಹಾಗಂತ ನಮ್ಮ ಪದ್ಧತಿಯಲ್ಲಿ ನನಗೆ ಹೊಟ್ಟೆ ಉರಿಯುವ ಜಾಗ ಒಂದಿದೆ. ಇಂಟರ್ನ್‌ಶಿಪ್. ಒಬ್ಬರಿಗೆ ಒಂದು ಕೆಲಸ ಹಿಡಿಸುತ್ತದಾ ಅಂತ ನೋಡಿಕೊಳ್ಳಲು ಸಿಗುವ ಒಂದೇ ವರ್ಷ. ಆರ್ಥೋಗೆ ಬರುವುದು ಎರಡು ವಾರ. ಅಷ್ಟರಲ್ಲಿ ಇಂಟರ್ನ್ ಡ್ಯೂಟಿ ರೂಮಿನಲ್ಲಿ ಮ್ಯಾರೋನೋ ಪ್ರೆಪ್‌ಲ್ಯಾಡರ್ರೋ ಅನ್ನುವ ಕೋಚಿಂಗ್ ಆ್ಯಪ್ ಹಾಕಿಕೊಂಡು ಎಂಸಿಕ್ಯೂ ಬಿಡಿಸುತ್ತಿರುತ್ತಾನೆ. ಪಕ್ಕದ ಕೋಣೆಯಲ್ಲಿ ತೊಡೆಮೂಳೆ ಮುರಿದವರ ಕಾಲಿಗೆ ಥಾಮಸ್ ಸ್ಪ್ಲಿಂಟ್ ಹಾಕುತ್ತಿರುತ್ತಾರೆ. ಇವನು ಮೊಬೈಲಿನಲ್ಲಿ 'ಥಾಮಸ್ ಸ್ಪ್ಲಿಂಟ್ ಯಾವುದಕ್ಕೆ ಬಳಸುತ್ತಾರೆ' ಅನ್ನುವ ಪ್ರಶ್ನೆಗೆ ಉತ್ತರ ಒತ್ತುತ್ತಿರುತ್ತಾನೆ. ಅವನನ್ನ ಬೈದು ಪ್ರಯೋಜನವಿಲ್ಲ, ಅವನ ಭವಿಷ್ಯ ಇರುವುದು ಮೊಬೈಲಿನಲ್ಲೇ. ನಮ್ಮ ಯೂನಿಟ್ಟಿನಲ್ಲಿ ಈಗ ಒಂದು ನಿಯಮ ಮಾಡಿದ್ದೇನೆ. ಪ್ರತಿ ಇಂಟರ್ನ್ ಒಂದು ಪೇಷಂಟನ್ನ ಅಡ್ಮಿಷನ್ನಿನಿಂದ ಡಿಸ್ಚಾರ್ಜ್ ತನಕ ತಾನೇ ನೋಡಬೇಕು. ಅರ್ಧ ಜನ ಶಪಿಸುತ್ತಾರೆ. ಇರಲಿ.

ಈಗ ನಮ್ಮವಳ ಇಂಟರ್ವ್ಯೂಗಳು ಮುಗಿದಿವೆ. ರ‍್ಯಾಂಕ್ ಲಿಸ್ಟ್ ಮಾಡುವ ಹೊತ್ತು. ಅಲ್ಲಿ ರ‍್ಯಾಂಕ್ ಕೊಡುವವರು ಅರ್ಜಿ ಹಾಕಿದವರೂ ಹೌದು. ತನಗೆ ಯಾವ ಪ್ರೋಗ್ರಾಂ ಮೊದಲು, ಯಾವುದು ಆಮೇಲೆ ಅಂತ ಇವಳು ಬರೆಯುತ್ತಾಳೆ. ಯಾರು ಮೊದಲು ಅಂತ ಅವರು ಬರೆಯುತ್ತಾರೆ. ಎರಡನ್ನೂ ಕಂಪ್ಯೂಟರ್ ಹೊಂದಿಸುತ್ತದೆ. 1952ರಿಂದ ನಡೆಯುತ್ತಿರುವ ಪದ್ಧತಿ. 1998ರಿಂದ ಇರುವ ಲೆಕ್ಕವನ್ನು ರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ ಲಾಯ್ಡ್ ಶಾಪ್ಲಿ ಜೊತೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇದರ ಒಂದು ಗುಣ ನನಗೆ ತುಂಬಾ ಇಷ್ಟ. ಸಿಗುವುದು ಅನುಮಾನ ಅಂತ ಆಸೆಯ ಜಾಗವನ್ನ ಕೆಳಗೆ ಹಾಕಬೇಕಿಲ್ಲ. ಮೊದಲನೆಯದು ಸಿಗದಿದ್ದರೆ ಎರಡನೆಯದರಲ್ಲಿ ನಿಮ್ಮ ಅವಕಾಶ ಅಷ್ಟೇ ಇರುತ್ತದೆ. ಒಂದು ಸುತ್ತಿನ ಮಟ್ಟಿಗೆ ನಮ್ಮ ಆಪ್ಷನ್ ಎಂಟ್ರಿಯೂ ಹೀಗೇ, ಆದರೂ ನಮ್ಮ ಹುಡುಗರು ಹೋದ ವರ್ಷದ ಕಟಾಫ್ ನೋಡಿ ಹೆದರಿ ಆಸೆಯ ಸೀಟನ್ನ ಹತ್ತನೆಯದಕ್ಕೆ ತಳ್ಳುತ್ತಾರೆ.

ಅವಳಿಗೆ ಮೊದಲು ಹಾಕಬೇಕು ಅಂತ ಇರುವುದು ಆ ಸ್ಪ್ಲಿಂಟು ಕಟ್ಟಿದ ಆಸ್ಪತ್ರೆ. ಅಕ್ಕನಿಗೆ ಮನೆಯ ಹತ್ತಿರದ್ದು. ಆ ಆಸ್ಪತ್ರೆ ಇರುವುದು ವಿಮಾನದಲ್ಲಿ ನಾಲ್ಕು ಗಂಟೆಯ ದೂರ. "ಐದು ವರ್ಷ ಕಣೋ, ಊಟ ಯಾರು ಹಾಕ್ತಾರೆ?" ಅಂತ ನನ್ನನ್ನ ಕೇಳಿದಳು. ಅವಳಿಗೆ ಬೇಕಾದ್ದನ್ನ ಮೊದಲು ಹಾಕಲಿ ಬಿಡು ಅಂದೆ. ಅಕ್ಕ ಇನ್ನೂ ಮುನಿಸಿಕೊಂಡಿದ್ದಾಳೆ. ಮಾರ್ಚ್ ಮೂರನೆಯ ವಾರ ಸೋಮವಾರ ಸೀಟು ಸಿಕ್ಕಿತೋ ಇಲ್ಲವೋ ಗೊತ್ತಾಗುತ್ತದೆ, ಎಲ್ಲಿ ಅಂತ ಶುಕ್ರವಾರ. ಸೋಮವಾರಕ್ಕೆ ಅಕ್ಕ ರಾಯರಿಗೆ ಹರಕೆ ಹೊತ್ತಿದ್ದಾಳೆ. ಶುಕ್ರವಾರಕ್ಕೂ ಬೇರೆಯಾಗಿ ಒಂದು ಹೊತ್ತಿದ್ದಾಳಂತೆ, ಯಾವ ಊರಿನ ಪರವಾಗಿ ಅಂತ ಮಗಳಿಗೆ ಹೇಳಿಲ್ಲ.